ಬ್ಯಾಟರಿ ಅಂಗಡಿಯ ಮೇಲೆ ಮನೆ, ಮಗನಿಗೆ ರಕ್ತ ಏರ್ತಿಲ್ಲ: ಸೀಸ ಇರಬಹುದೇ?

ಪ್ರಶ್ನೆ: ನಮ್ಮದು ದಾವಣಗೆರೆ. ಯಜಮಾನರದು ಬ್ಯಾಟರಿ ರಿಪೇರಿ ಅಂಗಡಿ. ಕೆಳಗೆ ಅಂಗಡಿ, ಮೇಲೆ ಮನೆ. ಮಗನಿಗೆ ನಾಲ್ಕು ವರ್ಷ. ಆಗಾಗ ಹೊಟ್ಟೆನೋವು ಅಂತಾನೆ, ಊಟ ಸೇರಲ್ಲ, ಮಲಬದ್ಧತೆ ಇದೆ. ತಿಂಗಳುಗಟ್ಟಲೆ ಕಬ್ಬಿಣದ ಟಾನಿಕ್ ಕೊಟ್ಟರೂ ಹಿಮೋಗ್ಲೋಬಿನ್ 9ರ ಹತ್ತಿರವೇ ನಿಂತಿದೆ. ಒಂದು ಕಡೆ ಕೂರಲ್ಲ, ಹೇಳಿದ್ದು ನೆನಪಿರಲ್ಲ ಅಂತ ನರ್ಸರಿ ಟೀಚರ್ ಹೇಳ್ತಾರೆ. ನೆಂಟರೊಬ್ಬರು ಬ್ಯಾಟರಿಯ ಸೀಸ ಮೈಗೆ ಸೇರಿರಬಹುದು ಅಂದರು. ಇನ್ನೊಬ್ಬರು ಡಿಟಾಕ್ಸ್ ಪುಡಿ ಕೊಡಿ ಅಂತಾರೆ. ನಾನೀಗ ಐದು ತಿಂಗಳ ಗರ್ಭಿಣಿ. ಟೆಸ್ಟ್ ಮಾಡಿಸಬೇಕಾ? ಸೀಸ ಇದ್ದರೆ ವಾಸಿಯಾಗುತ್ತಾ?

ಉತ್ತರ: ಟೆಸ್ಟ್ ಮಾಡಿಸಿ. ಮಗನಿಗೆ, ನಿಮಗೆ, ಯಜಮಾನರಿಗೆ, ಮೂವರಿಗೂ. ಆದಷ್ಟು ಈ ವಾರವೇ. ಡಿಟಾಕ್ಸ್ ಪುಡಿ ಬೇಡ. ರಿಪೋರ್ಟ್ ಬರುವ ತನಕ ಕಾಯದೆ ಇವತ್ತೇ ಶುರು ಮಾಡಬೇಕಾದ ಕೆಲಸ ಒಂದಿದೆ: ಅಂಗಡಿಯ ಧೂಳು ಮನೆಯೊಳಗೆ ಬರದ ಹಾಗೆ ತಡೆಯುವುದು. ಸೀಸದ ವಿಷಯದಲ್ಲಿ ನಿಜವಾದ ಚಿಕಿತ್ಸೆ ಅದೇ. ಔಷಧಿ ಆಮೇಲಿನ ಮಾತು, ಬಹಳಷ್ಟು ಮಕ್ಕಳಿಗೆ ಅದರ ಅಗತ್ಯವೂ ಬರುವುದಿಲ್ಲ.

ಒಂದು ಎಚ್ಚರಿಕೆ ಮೊದಲೇ ಹೇಳಿಬಿಡುತ್ತೇನೆ. ಮಗು ಮೇಲಿಂದ ಮೇಲೆ ವಾಂತಿ ಮಾಡಿದರೆ, ಮಂಕಾಗಿ ಮಲಗಿಯೇ ಇದ್ದರೆ, ನಡೆಯುವಾಗ ತೂರಾಡಿದರೆ, ಫಿಟ್ಸ್ ಬಂದರೆ ಟೆಸ್ಟ್ ಗಿಸ್ಟ್ ಅಂತ ಕಾಯಬೇಡಿ. ನೇರ ದೊಡ್ಡ ಆಸ್ಪತ್ರೆಗೆ ಕರೆದೊಯ್ದು, ಮನೆಯ ಕೆಳಗೆ ಬ್ಯಾಟರಿ ಕೆಲಸ ನಡೆಯುತ್ತದೆ ಅಂತ ಹೇಳಿ. ಅದು ಸೀಸ ಮಿದುಳಿಗೆ ಏರಿದ ಲಕ್ಷಣ ಇರಬಹುದು, ಗಂಟೆಗಳ ಲೆಕ್ಕದಲ್ಲಿ ನೋಡಬೇಕಾದ್ದು.

ಹಾಗಂತ ನೀವು ಬರೆದಿರುವ ತೊಂದರೆಗಳಿಗೆಲ್ಲ ಸೀಸವೇ ಕಾರಣ ಅಂತ ಈಗಲೇ ತೀರ್ಮಾನ ಮಾಡುವ ಹಾಗಿಲ್ಲ. ಹೊಟ್ಟೆಯಲ್ಲಿ ಹುಳ ಇದ್ದರೂ ನೋವು ಬರುತ್ತದೆ. ನಾಲ್ಕು ವರ್ಷದ ಹುಡುಗ ಒಂದು ಕಡೆ ಕೂರದಿರುವುದು ರೋಗವೇನಲ್ಲ. ರಕ್ತ ಕಡಿಮೆ ಇರುವುದಂತೂ ನಮ್ಮಲ್ಲಿ ಮನೆಮನೆಯ ಮಾತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಹತ್ತಿರ ಹತ್ತಿರ ಮೂರರಲ್ಲಿ ಇಬ್ಬರಿಗೆ ರಕ್ತಹೀನತೆ ಕಂಡಿತು. ಟಾನಿಕ್ ಕೊಟ್ಟರೂ ಹಿಮೋಗ್ಲೋಬಿನ್ ಏರದಿದ್ದರೆ ಡೋಸ್ ಸಾಲದೆ ಇರಬಹುದು, ಹಾಲಿನ ಜೊತೆ ಕೊಡ್ತಿರಬಹುದು, ಥಲಸ್ಸೀಮಿಯಾ ಟ್ರೇಟ್ (ಅಪ್ಪ ಅಮ್ಮನಿಂದ ಬರುವ ರಕ್ತದ ಒಂದು ದೋಷ) ಇರಬಹುದು. ನಿಮ್ಮ ಮಕ್ಕಳ ಡಾಕ್ಟರು ಇವನ್ನೂ ನೋಡಬೇಕು. ಆದರೆ ಇವೆಲ್ಲ ಒಂದೇ ಮಗುವಿನಲ್ಲಿ, ಅದೂ ಬ್ಯಾಟರಿ ಬಿಚ್ಚುವ ಅಂಗಡಿಯ ಮೇಲಿನ ಮನೆಯಲ್ಲಿ ಕಂಡಾಗ ಸೀಸದ ಬಗ್ಗೆ ಮೊದಲೇ ಯೋಚಿಸಬೇಕು. ಯಜಮಾನರ ಕೆಲಸ ಏನು ಅಂತ ಡಾಕ್ಟರಿಗೆ ನೀವೇ ಬಾಯಿಬಿಟ್ಟು ಹೇಳಿ. ಕೇಳುವುದು ನಮ್ಮ ಕೆಲಸವೇ. ಆದರೆ ಓಪಿಡಿ ಗದ್ದಲದಲ್ಲಿ ಎಷ್ಟೋ ಸಲ ಯಾರೂ ಕೇಳುವುದಿಲ್ಲ.

ಮಗ ಅಂಗಡಿಗೆ ಹೋಗುವುದೇ ಇಲ್ಲ, ಮತ್ತೆ ಸೀಸ ಹೇಗೆ ಬರುತ್ತದೆ ಅಂತ ನಿಮ್ಮ ಮನೆಯವರು ಕೇಳಬಹುದು. ಕೆಲಸ ಹೇಗೆ ನಡೆಯುತ್ತದೆ ನೋಡಿ. ಲಾರಿಯದೋ ಇನ್ವರ್ಟರ್‌ದೋ ಹಳೇ ಬ್ಯಾಟರಿ ಬರುತ್ತದೆ. ಆಸಿಡ್ ಬಗ್ಗಿಸಿ, ಮುಚ್ಚಳ ಕಿತ್ತು, ಒಳಗಿನ ಪ್ಲೇಟುಗಳನ್ನು ಎಳೆದು ತೆಗೆಯುತ್ತಾರೆ. ಪ್ಲೇಟಿಗೆ ಮೆತ್ತಿಕೊಂಡಿರುವ ಕಂದು, ಬೂದು ಬಣ್ಣದ ಪೇಸ್ಟ್ ಇದೆಯಲ್ಲ, ಅದು ಸೀಸದ ಆಕ್ಸೈಡ್ ಮತ್ತು ಸಲ್ಫೇಟ್. ಒದ್ದೆ ಇರುವಾಗ ಬರೀ ಕೆಸರು. ಒಣಗಿದರೆ ಬೆರಳಿಗೆ ಅಂಟಿದ್ದೂ ಗೊತ್ತಾಗದಷ್ಟು ನಯವಾದ ಪುಡಿ. ಹೊಸ ಪ್ಲೇಟ್ ಕೂರಿಸಿದ ಮೇಲೆ ಗ್ಯಾಸ್ ಟಾರ್ಚ್ ಹಿಡಿದು, ಸೀಸ ಕರಗಿಸಿ, ಸೆಲ್‌ಗಳನ್ನು ಒಂದಕ್ಕೊಂದು ಬೆಸೆಯುತ್ತಾರೆ. ಸೀಸ ಕರಗಲು 327 ಡಿಗ್ರಿ ಸೆಲ್ಸಿಯಸ್ ಸಾಕು. ಟಾರ್ಚಿನ ಉರಿ ಅದಕ್ಕಿಂತ ಎಷ್ಟೋ ಜಾಸ್ತಿ. ಹಾಗಾಗಿ ಸೀಸ ಹೊಗೆಯಾಗಿ ಏಳುತ್ತದೆ, ಆರಿದ ಮೇಲೆ ಗೋಡೆ, ನೆಲ, ತಲೆಕೂದಲು, ಬಟ್ಟೆ ಮೇಲೆ ಕೂರುತ್ತದೆ. ಸಂಜೆ ಪೊರಕೆ ಹಿಡಿದು ಗುಡಿಸಿದರೆ ಕೂತಿದ್ದೆಲ್ಲ ಮತ್ತೆ ಗಾಳಿಗೆ ಏಳುತ್ತದೆ.

ಅದೇ ಪ್ಯಾಂಟು, ಅದೇ ಚಪ್ಪಲಿಯಲ್ಲಿ ಯಜಮಾನರು ಮೆಟ್ಟಿಲು ಹತ್ತಿ ಮನೆಗೆ ಬರುತ್ತಾರೆ. ಮಗ ಓಡಿ ಬಂದು ಕಾಲು ತಬ್ಬಿಕೊಳ್ಳುತ್ತಾನೆ. ಆಮೇಲೆ ನೆಲದ ಮೇಲೆ ಆಡುತ್ತಾನೆ, ಬೆರಳು ಬಾಯಿಗೆ ಹೋಗುತ್ತದೆ. ಇಷ್ಟೇ ದಾರಿ. ಅವನು ಬ್ಯಾಟರಿ ಮುಟ್ಟಬೇಕಾಗಿಯೇ ಇಲ್ಲ. ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಮೈಗೆ ಸೇರಿದರೆ, ಸಣ್ಣ ಮಕ್ಕಳಲ್ಲಿ ಅರ್ಧದಷ್ಟು ಸೇರಬಹುದು. ಮಿದುಳು ಬೆಳೆಯುತ್ತಿರುವ ವಯಸ್ಸೂ ಅದೇ. ಹಾಗಾಗಿ ಒಂದೇ ಧೂಳು ಅಪ್ಪನಿಗಿಂತ ಮಗನಿಗೆ ಹೆಚ್ಚು ಪೆಟ್ಟು ಕೊಡುತ್ತದೆ.

ಈ ಧೂಳು ಎಷ್ಟು ದೂರ ಹೋಗಬಲ್ಲದು ಅನ್ನುವುದಕ್ಕೆ ಆಫ್ರಿಕಾದ ಸೆನೆಗಲ್‌ನಲ್ಲಿ ನಡೆದ ಒಂದು ಘಟನೆ ಹೇಳಬೇಕು. ರಾಜಧಾನಿ ಡಕಾರ್‌ನ ಅಂಚಿನಲ್ಲಿ ತಿಯಾರೋಯ್ ಸುರ್ ಮೆರ್ ಅನ್ನುವ ಜಾಗವಿದೆ. ಅಲ್ಲಿ ಹಳೇ ಬ್ಯಾಟರಿಗಳನ್ನು ಬಯಲಲ್ಲೇ ಒಡೆದು ಸೀಸ ತೆಗೆಯುತ್ತಿದ್ದರು. ಸೀಸ ಬೆರೆತ ಆ ಮಣ್ಣನ್ನು ಜರಡಿ ಹಿಡಿದು ಮಾರುವವರೂ ಇದ್ದರು. 2007ರ ನವೆಂಬರ್‌ನಿಂದ 2008ರ ಮಾರ್ಚ್ ಒಳಗೆ ಅಲ್ಲಿ 18 ಚಿಕ್ಕ ಮಕ್ಕಳು ತೀರಿಕೊಂಡರು. ಅವರ ಅಣ್ಣತಮ್ಮಂದಿರು, ಅಕ್ಕತಂಗಿಯರು, ತಾಯಂದಿರ ರಕ್ತ ಪರೀಕ್ಷಿಸಿದಾಗ ಎಲ್ಲರಲ್ಲೂ ಸೀಸ ವಿಪರೀತ ಇತ್ತು. ನಿಮ್ಮ ಅಂಗಡಿ ಆ ಮಟ್ಟದ್ದಲ್ಲ, ನಿಮ್ಮನ್ನು ಹೆದರಿಸುವುದಕ್ಕೆ ಇದನ್ನು ಹೇಳುತ್ತಿಲ್ಲ. ಬ್ಯಾಟರಿ ಕೆಲಸ ಮತ್ತು ಮಕ್ಕಳು ಒಂದೇ ಜಾಗದಲ್ಲಿ ಇರಲೇಬಾರದು ಅಂತ ನಾವು ಇಷ್ಟು ಹಟ ಹಿಡಿಯುವುದು ಯಾಕೆ ಅಂತ ನಿಮ್ಮ ಮನೆಯವರಿಗೂ ಗೊತ್ತಾಗಲಿ ಅಂತ ಹೇಳಿದೆ.

ಮೈಯೊಳಗೆ ಹೋದ ಸೀಸ ಏನು ಮಾಡುತ್ತದೆ? ನಮ್ಮ ದೇಹಕ್ಕೆ ಸೀಸದಿಂದ ಒಂದು ಕೆಲಸವೂ ಆಗಬೇಕಾಗಿಲ್ಲ. ಆದರೆ ದೇಹ ಅದನ್ನು ಕ್ಯಾಲ್ಸಿಯಂ, ಕಬ್ಬಿಣ ಅಂತಲೇ ತಪ್ಪು ತಿಳಿದು ಒಳಗೆ ಬಿಟ್ಟುಕೊಳ್ಳುತ್ತದೆ. ರಕ್ತದ ಕೆಂಪು ಅಂಶ ತಯಾರಾಗಲು ಬೇಕಾದ ಕಿಣ್ವಗಳಿಗೆ ಅಡ್ಡ ಬರುತ್ತದೆ. ಹಾಗಾಗಿ ಕಬ್ಬಿಣ ಎಷ್ಟು ಕೊಟ್ಟರೂ ಅದು ಪೂರ್ತಿ ಬಳಕೆಗೆ ಬರುವುದಿಲ್ಲ. ಇದರ ಇನ್ನೊಂದು ಮುಖವೂ ಇದೆ. ಮಗುವಿಗೆ ಕಬ್ಬಿಣ ಕಡಿಮೆ ಇದ್ದರೆ ಕರುಳು ಸೀಸವನ್ನು ಇನ್ನೂ ಜಾಸ್ತಿ ಹೀರುತ್ತದೆ, ಯಾಕೆಂದರೆ ಎರಡಕ್ಕೂ ಕರುಳಿನಲ್ಲಿ ಒಂದೇ ಬಾಗಿಲು. ರಕ್ತಹೀನತೆ ಇಷ್ಟು ಹರಡಿರುವ ನಮ್ಮ ದೇಶದಲ್ಲಿ ಸೀಸವನ್ನು ಬೇರೆಯಾಗಿ, ರಕ್ತಹೀನತೆಯನ್ನು ಬೇರೆಯಾಗಿ ನೋಡುವುದು ಸರಿಯಲ್ಲ ಅಂತ ನನಗೆ ಅನಿಸುವುದು ಇದಕ್ಕೇ. ಹೊಟ್ಟೆನೋವು, ಮಲಬದ್ಧತೆ ಸಾಮಾನ್ಯವಾಗಿ ಸೀಸ ಸಾಕಷ್ಟು ಏರಿದ ಮೇಲೆ ಬರುವಂಥವು.

ಮಿದುಳಿನ ವಿಷಯ ಹಾಗಲ್ಲ. ಅಲ್ಲಿ ಹೊರಗೆ ಏನೂ ಕಾಣಿಸದ ಮಟ್ಟದಲ್ಲೂ ಪೆಟ್ಟು ಬೀಳುತ್ತದೆ. 1979ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಹರ್ಬರ್ಟ್ ನೀಡಲ್‌ಮನ್ ಒಂದು ಅಧ್ಯಯನ ಪ್ರಕಟಿಸಿದರು. ಬಾಸ್ಟನ್ ಪಕ್ಕದ ಎರಡು ಊರುಗಳ ಶಾಲಾಮಕ್ಕಳ ಬಿದ್ದ ಹಾಲುಹಲ್ಲುಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಎಷ್ಟು ಸೀಸ ಇದೆ ಅಂತ ಅಳೆದರು. ಆ ಮಕ್ಕಳಲ್ಲಿ ಯಾರಿಗೂ ಕಾಯಿಲೆ ಇರಲಿಲ್ಲ, ನೋಡಲು ಎಲ್ಲರೂ ಚೆನ್ನಾಗಿಯೇ ಇದ್ದರು. ಮಕ್ಕಳ ಟೀಚರುಗಳಿಗೆ ಒಂದು ಪ್ರಶ್ನೆಪಟ್ಟಿ ಕೊಟ್ಟರು: ಗಮನ ಬೇಗ ಆಚೀಚೆ ಹೋಗುತ್ತದಾ, ಹೇಳಿದ್ದನ್ನು ಮಾಡುತ್ತಾನಾ, ಹಿಡಿದ ಕೆಲಸ ಮುಗಿಸುತ್ತಾನಾ. ಯಾರ ಹಲ್ಲಲ್ಲಿ ಎಷ್ಟು ಸೀಸ ಅಂತ ಟೀಚರುಗಳಿಗೆ ಗೊತ್ತಿರಲಿಲ್ಲ. ಹಲ್ಲಲ್ಲಿ ಸೀಸ ಜಾಸ್ತಿ ಆದಂತೆಲ್ಲ ಟೀಚರುಗಳ ದೂರು ಜಾಸ್ತಿ ಆಗುತ್ತಾ ಹೋಯಿತು, ಬುದ್ಧಿಮತ್ತೆಯ ಅಂಕವೂ ಕಡಿಮೆ ಇತ್ತು. ನಿಮ್ಮ ಮಗನ ಟೀಚರ್ ಹೇಳಿದ ಮಾತು ಓದುವಾಗ ನನಗೆ ಆ ಪ್ರಶ್ನೆಪಟ್ಟಿ ನೆನಪಾಯಿತು. ಅವರ ಮಾತನ್ನು ತಳ್ಳಿಹಾಕಬೇಡಿ. ಮಗನನ್ನು ಬೈಯಲೂ ಬೇಡಿ. ಅವನು ಬೇಕಂತ ಮಾಡ್ತಿಲ್ಲ.

2005ರಲ್ಲಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಸೇರಿಸಿ ನೋಡಿದಾಗ ಇನ್ನೊಂದು ಸಂಗತಿ ತಿಳಿಯಿತು. ಸೀಸವನ್ನು ಒಂದು ಡೆಸಿಲೀಟರ್, ಅಂದರೆ 100 ಮಿಲಿಲೀಟರ್ ರಕ್ತದಲ್ಲಿ ಎಷ್ಟು ಮೈಕ್ರೋಗ್ರಾಂ ಅಂತ ಅಳೆಯುತ್ತಾರೆ. ಅದು 2.4ರಿಂದ 10ಕ್ಕೆ ಏರುವಾಗ ಬುದ್ಧಿಮತ್ತೆಯ ಅಂಕ ಸರಾಸರಿ 3.9 ಇಳಿಯುತ್ತದೆ. 10ರಿಂದ 20ಕ್ಕೆ ಏರುವಾಗ ಮತ್ತೆ ಇಳಿಯುವುದು 1.9 ಮಾತ್ರ. ಅಂದರೆ ಮೊದಮೊದಲ ಸ್ವಲ್ಪ ಸೀಸವೇ ಹೆಚ್ಚು ನಷ್ಟ ಮಾಡುತ್ತದೆ. ಇಷ್ಟರ ತನಕ ಪರವಾಗಿಲ್ಲ ಅನ್ನುವ ಗಡಿಯೇ ಸೀಸಕ್ಕೆ ಇಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಇಂಥ ಅಧ್ಯಯನಗಳ ಆಧಾರದ ಮೇಲೆಯೇ.

ಇದನ್ನು ಓದಿ ಎದೆಗುಂದಬೇಡಿ. ಇವು ಸಾವಿರಾರು ಮಕ್ಕಳ ಸರಾಸರಿ. ಒಂದು ಮಗು ಏನು ಕಲಿಯುತ್ತದೆ, ಹೇಗೆ ಬೆಳೆಯುತ್ತದೆ ಅನ್ನುವುದಕ್ಕೆ ಮನೆ, ಆಟ, ಮಾತು, ಊಟ, ಶಾಲೆ ಎಲ್ಲ ಸೇರುತ್ತವೆ. ನಿಮ್ಮ ಮಗ ಇನ್ನೂ ನಾಲ್ಕು ವರ್ಷದವನು.

ಈಗ ಟೆಸ್ಟ್ ವಿಷಯ. ಬೇಕಾಗಿರುವುದು ರಕ್ತದಲ್ಲಿ ಸೀಸದ ಪರೀಕ್ಷೆ, ಬ್ಲಡ್ ಲೆಡ್ ಲೆವೆಲ್ ಅಂತ ಚೀಟಿಯಲ್ಲಿ ಬರೆಸಿ. ದೊಡ್ಡ ಲ್ಯಾಬ್‌ಗಳ ಶಾಖೆಗಳಲ್ಲಿ ರಕ್ತ ತೆಗೆದು ಬೇರೆ ಊರಿನ ಕೇಂದ್ರ ಲ್ಯಾಬ್‌ಗೆ ಕಳಿಸುತ್ತಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸಕ್ಕೆಂದೇ ರಾಷ್ಟ್ರೀಯ ಕೇಂದ್ರವೊಂದು ಶುರುವಾಗಿತ್ತು. ಅದನ್ನು ಕಟ್ಟಿದ ಡಾ. ತುಪ್ಪಿಲ್ ವೆಂಕಟೇಶ್ ಅವರು ಈ ವಿಷಯದಲ್ಲಿ ದೇಶದ ಕಣ್ಣು ತೆರೆಸಿದವರಲ್ಲಿ ಒಬ್ಬರು. ರಕ್ತವನ್ನು ತೋಳಿನ ನರದಿಂದಲೇ ತೆಗೆಯಲಿ. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳು ರಕ್ತಕ್ಕೆ ಬೆರೆತು ಸುಳ್ಳು ಲೆಕ್ಕ ಬರುತ್ತದೆ. ನಿಮ್ಮ ಮನೆಯ ಮಟ್ಟಿಗೆ ಇದು ಬಹಳ ಮುಖ್ಯ. ಹೋಗುವ ಮೊದಲು ಮಗನಿಗೆ ಸ್ನಾನ ಮಾಡಿಸಿ, ಒಗೆದ ಬಟ್ಟೆ ಹಾಕಿ.

ರಿಪೋರ್ಟ್ ಕೈಗೆ ಬಂದಾಗ ಎರಡು ಕಡೆ ಎಡವುತ್ತಾರೆ. ಒಂದು, ಅಳತೆ. ಕೆಲವು ಲ್ಯಾಬ್‌ಗಳು ಡೆಸಿಲೀಟರ್ ಲೆಕ್ಕದಲ್ಲಿ ಕೊಡುತ್ತವೆ, ಕೆಲವು ಲೀಟರ್ ಲೆಕ್ಕದಲ್ಲಿ. ಲೀಟರಿಗೆ 120 ಅಂತ ಇದ್ದರೆ ಅದು ಡೆಸಿಲೀಟರಿಗೆ 12. ಇದು ಗೊತ್ತಿಲ್ಲದೆ ಗಾಬರಿ ಬೀಳುವವರೂ ಇದ್ದಾರೆ, ಸುಮ್ನೆ ನಿರಾಳ ಆಗುವವರೂ ಇದ್ದಾರೆ. ಇನ್ನೊಂದು, ಪಕ್ಕದಲ್ಲಿ ಅಚ್ಚಾಗಿರುವ ನಾರ್ಮಲ್ ಅನ್ನುವ ಅಂಕಿ. ಅಲ್ಲಿ 10ರ ಒಳಗೆ, ಕೆಲವೊಮ್ಮೆ 25ರ ಒಳಗೆ ನಾರ್ಮಲ್ ಅಂತ ಇರುತ್ತದೆ. ಅದು ಹಳೇ ಕಾಲದ್ದು ಅಥವಾ ದೊಡ್ಡವರದ್ದು. ಡೆಸಿಲೀಟರಿಗೆ 5 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ತಡೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಅದೇ ವರ್ಷ ಮಕ್ಕಳಿಗೆ ತನ್ನ ಅಂಕಿಯನ್ನು 5ರಿಂದ 3.5ಕ್ಕೆ ಇಳಿಸಿತು. ನೀವು ನೋಡಬೇಕಾದ್ದು ಈ ಅಂಕಿಗಳನ್ನು. ಮುಂದೆ ನಾನು ಹೇಳುವ ರಕ್ತದ ಸೀಸದ ಅಂಕಿಗಳೆಲ್ಲ ಡೆಸಿಲೀಟರ್ ಲೆಕ್ಕದವು.

ಕೂದಲು ಕತ್ತರಿಸಿ ಕಳಿಸುವ ಟೆಸ್ಟ್ ಬೇಡ. ಒಂದು ಔಷಧಿ ಕೊಟ್ಟು ಆಮೇಲೆ ಮೂತ್ರದಲ್ಲಿ ಲೋಹ ಎಷ್ಟಿದೆ ಅಂತ ನೋಡುವ ಟೆಸ್ಟ್ ಕೂಡ ಬೇಡ. ಆ ಔಷಧಿ ಕೊಟ್ಟರೆ ಯಾರ ಮೂತ್ರದಲ್ಲಾದರೂ ಲೋಹ ಜಾಸ್ತಿ ಬರುತ್ತದೆ. ಅದನ್ನು ತೋರಿಸಿ ಹೆದರಿಸಿ ಚಿಕಿತ್ಸೆ ಮಾರುವವರಿದ್ದಾರೆ. ಮಗ ಗೋಡೆ ಬಣ್ಣ, ಮಣ್ಣು ತಿನ್ನುವ ಅಭ್ಯಾಸದವನಾದರೆ ಡಾಕ್ಟರು ಹೊಟ್ಟೆಯ ಎಕ್ಸ್‌ರೇ ತೆಗೆಸಬಹುದು. ನುಂಗಿದ ಸೀಸದ ಚೂರು ಇದ್ದರೆ ಅದರಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುತ್ತದೆ.

ವಾಸಿಯಾಗುತ್ತಾ ಅಂತ ಕೇಳಿದ್ದೀರಿ. ಅದಕ್ಕೆ ನೇರವಾಗಿ ಉತ್ತರ ಕೊಡಬೇಕು. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿಗಳಿವೆ. ಕೀಲೇಷನ್ ಅನ್ನುತ್ತಾರೆ. ಮಗುವಿನ ರಕ್ತದಲ್ಲಿ 45 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ಬೇಕು, ಜೀವ ಉಳಿಸುತ್ತದೆ. ಆಸ್ಪತ್ರೆಯಲ್ಲಿ, ಇದು ಗೊತ್ತಿರುವ ವೈದ್ಯರ ಕಣ್ಣೆದುರಲ್ಲೇ ಕೊಡಬೇಕು. ಅದಕ್ಕಿಂತ ಕಡಿಮೆ ಇದ್ದರೆ? ಇದನ್ನು ಅಮೆರಿಕದಲ್ಲಿ ಚೆನ್ನಾಗಿ ಪರೀಕ್ಷಿಸಿ ನೋಡಿದ್ದಾರೆ. 20ರಿಂದ 44ರವರೆಗೆ ಸೀಸವಿದ್ದ 780 ಪುಟ್ಟ ಮಕ್ಕಳಲ್ಲಿ ಅರ್ಧ ಜನಕ್ಕೆ ಸಕ್ಸಿಮರ್ ಅನ್ನುವ ಔಷಧಿ, ಉಳಿದವರಿಗೆ ಔಷಧಿ ಇಲ್ಲದ ಮಾತ್ರೆ ಕೊಟ್ಟರು. 2001ರಲ್ಲಿ ಫಲಿತಾಂಶ ಬಂತು. ಔಷಧಿ ತಗೊಂಡವರ ರಕ್ತದಲ್ಲಿ ಸೀಸ ಇಳಿದಿತ್ತು. ಆದರೆ ಬುದ್ಧಿ, ಗಮನ, ನಡವಳಿಕೆಯಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಮಿದುಳಿಗೆ ಆಗಲೇ ಆಗಿದ್ದನ್ನು ಔಷಧಿ ವಾಪಸ್ ತರಲಿಲ್ಲ. ಮನೆಯಲ್ಲಿ ಧೂಳು ಹಾಗೇ ಇದ್ದರೆ ಔಷಧಿ ನಿಲ್ಲಿಸಿದ ಮೇಲೆ ರಕ್ತದ ಸೀಸ ಮತ್ತೆ ಏರುತ್ತದೆ. ಆದ್ದರಿಂದ ಡಿಟಾಕ್ಸ್ ಪುಡಿ ಕೊಡಿ ಅಂದವರಿಗೆ ನೀವು ಧೈರ್ಯವಾಗಿ ಬೇಡ ಅನ್ನಬಹುದು. ಅದರಿಂದ ಸೀಸ ಹೋಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಪುಡಿಯಲ್ಲಿ ಏನಿದೆ ಅಂತಲೇ ಗೊತ್ತಿಲ್ಲದಿದ್ದರೆ ಇನ್ನೂ ಅಪಾಯ.

ಮೂಲ ತಡೆದರೆ ಏನಾಗುತ್ತದೆ ಅನ್ನುವುದಕ್ಕೆ ಪೆಟ್ರೋಲ್‌ಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಎಂಜಿನ್ ಬಡಿಯದಿರಲಿ ಅಂತ ಪೆಟ್ರೋಲ್‌ಗೆ ಸೀಸ ಬೆರೆಸುವುದು 1920ರ ದಶಕದಲ್ಲಿ ಅಮೆರಿಕದಲ್ಲಿ ಶುರುವಾಯಿತು. 1970ರ ದಶಕದ ಕೊನೆಯಲ್ಲಿ ಅಲ್ಲಿನ ಪುಟ್ಟ ಮಕ್ಕಳ ರಕ್ತದಲ್ಲಿ ಸರಾಸರಿ 15 ಇತ್ತು. ಪೆಟ್ರೋಲ್‌ನಿಂದ, ಬಣ್ಣದಿಂದ, ಡಬ್ಬಿಗಳ ಬೆಸುಗೆಯಿಂದ ಸೀಸ ತೆಗೆದ ಮೇಲೆ ಈಗ 1ಕ್ಕಿಂತ ಕಡಿಮೆ. ಯಾರಿಗೂ ಮಾತ್ರೆ ಕೊಟ್ಟು ಇಳಿಸಿದ್ದಲ್ಲ. ನಮ್ಮಲ್ಲಿ 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೇಶದ ಏಳು ನಗರಗಳಲ್ಲಿ ರಕ್ತ ಪರೀಕ್ಷೆ ನಡೆಸಿತು. 12 ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಸೀಸ 10ಕ್ಕಿಂತ ಮೇಲಿತ್ತು. 2000ದಲ್ಲಿ ದೇಶದಾದ್ಯಂತ ಸೀಸ ಬೆರೆಸಿದ ಪೆಟ್ರೋಲ್ ನಿಂತಿತು, ನಗರದ ಮಕ್ಕಳ ರಕ್ತದಲ್ಲಿ ಸೀಸ ಇಳಿಯಿತು. ಆದರೆ ಕತೆ ಮುಗಿದಿಲ್ಲ. 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು ಕೊಟ್ಟ ಅಂದಾಜಿನ ಪ್ರಕಾರ ಭಾರತದಲ್ಲಿ ಸುಮಾರು 27.5 ಕೋಟಿ ಮಕ್ಕಳ ರಕ್ತದಲ್ಲಿ ಸೀಸ 5 ಅಥವಾ ಅದಕ್ಕಿಂತ ಹೆಚ್ಚಿದೆ. ಪೆಟ್ರೋಲ್ ಹೋದ ಮೇಲೆ ಉಳಿದ ದೊಡ್ಡ ದಾರಿಗಳಲ್ಲಿ ಹಳೇ ಬ್ಯಾಟರಿಯೂ ಒಂದು. ಇಂಥ ಮನೆಗಳಿಗೆ ಆಶಾ ಕಾರ್ಯಕರ್ತೆಯರು ಭೇಟಿ ಕೊಟ್ಟು, ಮಕ್ಕಳ ರಕ್ತ ಪರೀಕ್ಷೆಯನ್ನು ಸರ್ಕಾರಿ ಆಸ್ಪತ್ರೆಯಲ್ಲೇ ಉಚಿತವಾಗಿ ಮಾಡುವ ವ್ಯವಸ್ಥೆ ಬೇಕು. ಅದು ಒಬ್ಬೊಬ್ಬ ತಾಯಿ ಹುಡುಕಿಕೊಂಡು ಹೋಗಿ ಮಾಡಿಸಬೇಕಾದ ಕೆಲಸ ಆಗಬಾರದು.

ಈಗ ನಿಮ್ಮ ಮನೆ. ಮನೆ ಅಥವಾ ಅಂಗಡಿ, ಎರಡರಲ್ಲಿ ಒಂದು ಬೇರೆ ಕಡೆ ಹೋಗುವುದೇ ಸರಿಯಾದ ಪರಿಹಾರ. ತಕ್ಷಣ ಆಗುವುದಿಲ್ಲ ಅಂತ ಗೊತ್ತು, ಹೊಟ್ಟೆಪಾಡಿನ ಪ್ರಶ್ನೆ. ಹೆರಿಗೆ ಆಗುವವರೆಗಾದರೂ ನೀವು ಮತ್ತು ಮಗ ತವರಲ್ಲೋ ಬೇರೆ ಮನೆಯಲ್ಲೋ ಇರಲು ಸಾಧ್ಯವಾದರೆ ಹಾಗೆ ಮಾಡಿ. ಅಷ್ಟರೊಳಗೆ ಯಜಮಾನರು ಪ್ಲೇಟ್ ಬಿಚ್ಚುವ, ಸೀಸ ಕರಗಿಸುವ ಕೆಲಸವನ್ನು ಅಲ್ಲಿ ಪೂರ್ತಿ ನಿಲ್ಲಿಸಲಿ. ಚಾರ್ಜ್ ಮಾಡುವುದು, ಡಿಸ್ಟಿಲ್ಡ್ ವಾಟರ್ ಹಾಕುವುದು, ಹೊಸ ಬ್ಯಾಟರಿ ಮಾರುವುದು ನಡೆಯಲಿ. ಸತ್ತ ಬ್ಯಾಟರಿಯನ್ನು ಬಿಚ್ಚದೆ ಇಡಿಯಾಗಿ ಡೀಲರ್‌ಗೆ ಅಥವಾ ನೋಂದಣಿ ಆಗಿರುವ ಮರುಬಳಕೆ ಘಟಕಕ್ಕೆ ಕೊಡಲಿ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಪಡೆಯುವ ಹೊಣೆ ತಯಾರಕರದು, ಮರುಬಳಕೆ ಮಾಡುವವರು ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿರಬೇಕು.

ಅಂಗಡಿಗೆ ಬೇರೆ ಬಟ್ಟೆ, ಬೇರೆ ಚಪ್ಪಲಿ ಇರಲಿ, ಅವು ಮೆಟ್ಟಿಲು ಹತ್ತಲೇಬಾರದು. ಕೆಳಗೇ ಕೈ, ಮುಖ, ತಲೆ ಸೋಪು ಹಾಕಿ ತೊಳೆದು, ಬಟ್ಟೆ ಬದಲಿಸಿ ಮೇಲೆ ಬರಲಿ, ಆಮೇಲೆ ಮಗನನ್ನು ಎತ್ತಿಕೊಳ್ಳಲಿ. ಆ ಬಟ್ಟೆಯನ್ನು ಕೊಡವಬೇಡಿ, ಮಗುವಿನ ಬಟ್ಟೆ ನೆನೆಸುವ ಬಕೆಟ್‌ನಲ್ಲಿ ನೆನೆಸಬೇಡಿ. ಗರ್ಭಿಣಿಯಾದ ನೀವು ಒಗೆಯಲೂ ಬೇಡಿ, ಅವರೇ ಒಗೆದುಕೊಳ್ಳಲಿ. ಅಂಗಡಿಯಲ್ಲಿ ಕೂತು ಚಹಾ, ಬೀಡಿ, ಎಲೆಅಡಿಕೆ ಬೇಡ. ಕೈಗೆ ಅಂಟಿದ್ದು ನೇರ ಬಾಯಿಗೆ ಹೋಗುತ್ತದೆ.

ಮನೆಯಲ್ಲಿ ಒಣ ಪೊರಕೆಯಿಂದ ಗುಡಿಸುವುದನ್ನು ಬಿಟ್ಟುಬಿಡಿ. ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಒಂದು ಬಕೆಟ್‌ನಲ್ಲಿ ಸೋಪಿನ ನೀರು, ಇನ್ನೊಂದರಲ್ಲಿ ಬಟ್ಟೆ ಹಿಂಡಲು ಬರೀ ನೀರು ಇರಲಿ. ಒಂದೇ ಬಕೆಟ್ ಆದರೆ ಒರೆಸಿದ್ದನ್ನೇ ಮತ್ತೆ ನೆಲಕ್ಕೆ ಬಳಿದಂತಾಗುತ್ತದೆ. ಕಿಟಕಿಯ ಕೆಳಪಟ್ಟಿ, ಮೆಟ್ಟಿಲ ಮೂಲೆ, ಮಂಚದ ಕೆಳಗೆ, ಮಗನ ಆಟದ ಸಾಮಾನು ಮರೆಯಬೇಡಿ. ಧೂಳು ಕೂರುವುದು ಅಲ್ಲಿ. ಈ ಕೆಲಸವನ್ನೂ ಈಗ ಮನೆಯಲ್ಲಿ ಬೇರೆ ಯಾರಾದರೂ ಮಾಡಲಿ. ಊಟಕ್ಕೆ ಮುಂಚೆ, ಮಲಗುವ ಮುಂಚೆ ಮಗನ ಕೈ ಸೋಪಿನಲ್ಲಿ ತೊಳೆಸಿ, ಉಗುರು ಸಣ್ಣಗೆ ಕತ್ತರಿಸಿಡಿ. ಅಂಗಡಿ ಮುಂದಿನ ಮಣ್ಣಿನಲ್ಲಿ ಆಡಲು ಬಿಡಬೇಡಿ.

ಊಟದ ಬಗ್ಗೆ. ಖಾಲಿ ಹೊಟ್ಟೆ ಸೀಸವನ್ನು ಜಾಸ್ತಿ ಹೀರುತ್ತದೆ, ಹಾಗಾಗಿ ಸ್ವಲ್ಪ ಸ್ವಲ್ಪವೇ ಆದರೂ ಹಲವು ಸಲ ತಿನ್ನಿಸಿ. ಕ್ಯಾಲ್ಸಿಯಂ, ಕಬ್ಬಿಣ ಚೆನ್ನಾಗಿದ್ದರೆ ಸೀಸಕ್ಕೆ ಜಾಗ ಕಡಿಮೆ. ರಾಗಿ ಇದೆಯಲ್ಲ ನಮ್ಮಲ್ಲಿ, 100 ಗ್ರಾಂನಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ಅಂಬಲಿ, ರೊಟ್ಟಿ, ಮುದ್ದೆ, ಮಗ ಯಾವುದನ್ನು ತಿನ್ನುತ್ತಾನೋ ಅದು. ಹಾಲು, ಮೊಸರು, ಸೊಪ್ಪು, ಕಾಳು, ತಿನ್ನುವವರಾದರೆ ಮೊಟ್ಟೆ, ಮಾಂಸ. ಸೊಪ್ಪಿನ ಜೊತೆ ನಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣ ಚೆನ್ನಾಗಿ ಮೈಗೆ ಹಿಡಿಯುತ್ತದೆ. ಟಾನಿಕ್ ನಿಲ್ಲಿಸಬೇಡಿ. ಹಾಲಿನ ಹೊತ್ತು ಬೇರೆ, ಟಾನಿಕ್ ಹೊತ್ತು ಬೇರೆ ಮಾಡಿ. ಡೋಸ್ ಸರಿಯಿದೆಯಾ ಅಂತ ಮಗನ ತೂಕ ನೋಡಿ ಡಾಕ್ಟರು ಹೇಳುತ್ತಾರೆ.

ಬ್ಯಾಟರಿ ಒಂದೇ ಮೂಲ ಅಂತ ಕೈಕಟ್ಟಿ ಕೂರಬೇಡಿ. ಬೇರೆ ಕಡೆಯಿಂದಲೂ ಸ್ವಲ್ಪ ಸ್ವಲ್ಪ ಸೇರುತ್ತಿರಬಹುದು. ಗುಜರಿ ಲೋಹ ಕರಗಿಸಿ ಮಾಡಿದ ಅಗ್ಗದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಳಿ ಬೇಯಿಸಿದರೆ ಸೀಸ ಬಿಡಬಹುದು. ಸ್ಟೀಲ್ ಪಾತ್ರೆ ವಾಸಿ. ಕಲಾಯಿ ಹಾಕಿಸುವಾಗ ಅಗ್ಗಕ್ಕೆ ತವರದ ಜೊತೆ ಸೀಸ ಬೆರೆಸುವುದೂ ಉಂಟು. ಸುರ್ಮಾದಲ್ಲಿ ಸೀಸದ ಸಲ್ಫೈಡ್ ಇರಬಹುದು, ಮಗುವಿನ ಕಣ್ಣಿಗೆ ಹಚ್ಚಬೇಡಿ. ಅಗ್ಗದ ಕಡುಗೆಂಪು ಸಿಂಧೂರದಲ್ಲಿ ಸೀಸದ ಆಕ್ಸೈಡ್ ಸಿಕ್ಕಿದ್ದಿದೆ. ಬಾಂಗ್ಲಾದೇಶದಲ್ಲಿ ಅರಿಶಿನದ ಕೊಂಬಿಗೆ ಹೊಳಪು ಬರಲಿ ಅಂತ ಲೆಡ್ ಕ್ರೋಮೇಟ್ ಅನ್ನುವ ಸೀಸದ ಹಳದಿ ಬಣ್ಣ ಹಚ್ಚುತ್ತಿದ್ದದ್ದು 2019ರಲ್ಲಿ ಬಯಲಾಯಿತು. ಆದ್ದರಿಂದ ಕೊಂಬು ತಂದು ಮಿಲ್‌ನಲ್ಲಿ ಪುಡಿ ಮಾಡಿಸಿದರೆ ಸಾಕು ಅನ್ನುವ ಹಾಗಿಲ್ಲ. ಕಣ್ಣಿಗೆ ಹೊಡೆಯುವ ಹಾಗೆ ಹಳದಿಯಾಗಿ ಹೊಳೆಯುವ ಕೊಂಬು ಬಿಟ್ಟು, ಮಾಸಲು ಬಣ್ಣದ್ದನ್ನು ಆರಿಸಿ. ಮಗನಿಗೆ ಏನಾದರೂ ನಾಟಿ ಮದ್ದು, ಭಸ್ಮ ಕೊಡುತ್ತಿದ್ದರೆ ಡಾಕ್ಟರಿಗೆ ತೋರಿಸಿ. ನಾಗ ಭಸ್ಮ ಸೀಸದಿಂದಲೇ ಮಾಡುವಂಥದ್ದು. ಮನೆಯ ಗೋಡೆ, ಬಾಗಿಲ ಬಣ್ಣ ಹಳೆಯದಾಗಿದ್ದರೆ ಒಣಗಿದ್ದನ್ನು ಉಜ್ಜಿ ಕೆರೆಯಬೇಡಿ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಅನ್ನುವ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರ್‌ನಲ್ಲಿ.

ನಿಮ್ಮ ಬಗ್ಗೆ. ಮೈಗೆ ಸೇರಿದ ಸೀಸ ಕೊನೆಗೆ ಹೋಗಿ ಕೂರುವುದು ಮೂಳೆಯಲ್ಲಿ, ಅಲ್ಲಿ ಹತ್ತಾರು ವರ್ಷ ಇರುತ್ತದೆ. ಗರ್ಭಿಣಿಯಾದಾಗ ಮಗುವಿಗಾಗಿ ಮೂಳೆಯಿಂದ ಕ್ಯಾಲ್ಸಿಯಂ ಹೊರಡುತ್ತದೆ, ಜೊತೆಗೆ ಸೀಸವೂ ರಕ್ತಕ್ಕೆ ಬಂದು ಹೊಕ್ಕುಳಬಳ್ಳಿಯ ಮೂಲಕ ಮಗುವಿಗೆ ಹೋಗುತ್ತದೆ. ಅದಕ್ಕೇ ನಿಮ್ಮ ಟೆಸ್ಟ್ ಕೂಡ ತಡ ಮಾಡಬಾರದು. ನಿಮ್ಮದು 5 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಹೆರಿಗೆ ಡಾಕ್ಟರಿಗೆ ತೋರಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕ್ಯಾಲ್ಸಿಯಂ ಮಾತ್ರೆ, ಕಬ್ಬಿಣದ ಮಾತ್ರೆ ತಪ್ಪಿಸಬೇಡಿ. ಮಣ್ಣು, ಬಳಪ, ಇಟ್ಟಿಗೆ ಚೂರು ತಿನ್ನುವ ಆಸೆ ಆಗ್ತಿದ್ದರೆ ನಾಚಿಕೊಳ್ಳದೆ ಹೇಳಿ, ಬಸುರಿಯರಲ್ಲಿ ಅದು ಇದ್ದದ್ದೇ. ಹೆರಿಗೆಯ ಮೇಲೆ ಎದೆಹಾಲು ಕೊಡಬಹುದಾ ಅನ್ನುವ ಚಿಂತೆ ಬರುತ್ತದೆ ಅಲ್ವಾ? ಸಿಡಿಸಿ ಸಲಹೆ ಪ್ರಕಾರ ತಾಯಿಯ ರಕ್ತದಲ್ಲಿ 40ಕ್ಕಿಂತ ಕಡಿಮೆ ಇದ್ದರೆ ಎದೆಹಾಲು ಕೊಡಬಹುದು.

ಯಜಮಾನರಿಗೆ ಈಗ ಏನೂ ತೊಂದರೆ ಇಲ್ಲ ಅಂತ ಅವರು ಟೆಸ್ಟ್ ತಪ್ಪಿಸಿಕೊಳ್ಳಬಹುದು. ಬಿಡಬೇಡಿ. ದೊಡ್ಡವರಲ್ಲಿ ಸೀಸ ಬಿಪಿ ಏರಿಸುತ್ತದೆ, ಮೂತ್ರಪಿಂಡ ಕೆಡಿಸುತ್ತದೆ, ಹೃದಯಕ್ಕೆ ಕುತ್ತು ತರುತ್ತದೆ. 2021ರಲ್ಲಿ ಜಗತ್ತಿನಲ್ಲಿ 15 ಲಕ್ಷಕ್ಕೂ ಹೆಚ್ಚು ಸಾವಿಗೆ ಸೀಸ ಕಾರಣ, ಅದರಲ್ಲಿ ಹೆಚ್ಚಿನವು ಹೃದಯ ಮತ್ತು ರಕ್ತನಾಳದ ಕಾಯಿಲೆಗಳು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಕೀಲುನೋವು, ಕೈಯಲ್ಲಿ ಬಲ ಇಲ್ಲದಿರುವುದು, ಆಗಾಗ ಹೊಟ್ಟೆ ಹಿಂಡುವುದು ಇದ್ದರೆ ಡಾಕ್ಟರಿಗೆ ಹೇಳಲಿ. ಇದು ಅವರ ತಪ್ಪು ಅಂತ ಮನೆಯಲ್ಲಿ ಮಾತಾಗಬಾರದು. ಈ ಕೆಲಸ ಕಲಿಸಿದವರು ಯಾರೂ ಅವರಿಗೆ ಧೂಳಿನ ಅಪಾಯ ಹೇಳಿರುವುದಿಲ್ಲ.

ಮಗನ ಸೀಸ 5ಕ್ಕಿಂತ ಹೆಚ್ಚು ಬಂದರೆ, ಮನೆ ಶುಚಿ ಮಾಡಿದ ಮೇಲೆ ಒಂದರಿಂದ ಮೂರು ತಿಂಗಳಲ್ಲಿ ಮತ್ತೆ ಟೆಸ್ಟ್ ಮಾಡಿಸಿ. ಅಂಕಿ ಜಾಸ್ತಿ ಇದ್ದಷ್ಟೂ ಬೇಗ. ರಕ್ತದಲ್ಲಿರುವ ಸೀಸ ಸುಮಾರು ಒಂದು ತಿಂಗಳಲ್ಲಿ ಅರ್ಧ ಆಗುತ್ತದೆ, ಆದರೆ ಮೂಳೆಯಲ್ಲಿ ಕೂತದ್ದು ನಿಧಾನಕ್ಕೆ ಹೊರಬರುತ್ತಿರುತ್ತದೆ. ಹಾಗಾಗಿ ಬೇಗ ಇಳಿಯದಿದ್ದರೆ ಬೇಸರ ಬೇಡ. ಇಳಿಯುವ ಬದಲು ಏರಿದ್ದರೆ ಎಲ್ಲೋ ಇನ್ನೊಂದು ದಾರಿ ಉಳಿದಿದೆ ಅಂತ ಅರ್ಥ, ಮತ್ತೆ ಹುಡುಕಬೇಕು. ಜಿಲ್ಲಾ ಆಸ್ಪತ್ರೆಗಳಲ್ಲಿ ಮಕ್ಕಳ ಬೆಳವಣಿಗೆ ನೋಡುವ ಡಿಇಐಸಿ ವಿಭಾಗ ಇರುತ್ತದೆ. ಮಾತು, ಗಮನ, ಕಲಿಕೆ ಹೇಗಿದೆ ಅಂತ ಅಲ್ಲಿ ತೋರಿಸಿ. ಟೀಚರ್‌ಗೂ ವಿಷಯ ತಿಳಿಸಿ, ಮುಂದಿನ ಸಾಲಿನಲ್ಲಿ ಕೂರಿಸಿ ಒಂದೊಂದೇ ಮಾತು ಹೇಳಿಕೊಡಲಿ. ಶಾಲೆಗೆ ಸೇರಿದ ಮೇಲೂ ಒಂದೆರಡು ವರ್ಷ ಕಣ್ಣಿಟ್ಟಿರಿ. ಸೀಸದಿಂದಾಗುವ ಕಲಿಕೆಯ ತೊಂದರೆ ಕೆಲವೊಮ್ಮೆ ಓದು, ಲೆಕ್ಕ ಶುರುವಾದ ಮೇಲೆಯೇ ಕಾಣುವುದು.

ಅಂಗಡಿಯಲ್ಲಿ ಕೆಲಸಕ್ಕೆ ಹುಡುಗರಿದ್ದರೆ ಅವರಿಗೂ ಟೆಸ್ಟ್ ಮಾಡಿಸಲು ಯಜಮಾನರಿಗೆ ಹೇಳಿ. ಅವರೂ ಅದೇ ಬಟ್ಟೆಯಲ್ಲಿ ಮನೆಗೆ ಹೋಗುತ್ತಾರೆ, ಅವರ ಮನೆಯಲ್ಲೂ ಪುಟ್ಟ ಮಕ್ಕಳಿರಬಹುದು.